ಓರೆಯಾದ ದಿಗಂತ

ನಿಂತ ನೀರು ಓರೆಯಾಗಿ ನಿಲ್ಲದೆಂಬುದನ್ನು ಎಲ್ಲರೂ ಬಲ್ಲರು. ಆದುದರಿಂದ ಪುಟ್ಟ ಡ್ರೋನೊಂದು ಮೇಲಿನಿಂದ ತೆಗೆದ ಚಿತ್ರದಲ್ಲಿ ಕೆರೆಯ ನೀರು ಒಂದು ಪಕ್ಕಕ್ಕೆ ವಾಲಿ ಕಂಡರೆ, ಕ್ಯಾಮರಾವನ್ನು ಹೊತ್ತಿರುವ ಗಿಂಬಲ್ ಕೆಟ್ಟಿತೆಂದು ಒಡೆಯನು ಒಡನೆಯೇ ತೀರ್ಮಾನಿಸುತ್ತಾನೆ. ಓರೆ ಒಂದೇ ಡಿಗ್ರಿಯಾದರೂ ಅಲ್ಪವಲ್ಲ. 3840 ಬಿಂದುಗಳಷ್ಟು ಅಗಲವಾದ ಚಿತ್ರದಲ್ಲಿ ದಿಗಂತದ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 67 ಬಿಂದುಗಳಷ್ಟು ಕೆಳಗಿಳಿಯುತ್ತದೆ. ಓರೆಯನ್ನು ತಿದ್ದುವ ಗುಂಡಿಯೊಂದು ಫೋನಿನ ಪರದೆಯ ಮೇಲೆ ಇರುವುದಷ್ಟೆ. ದಿಗಂತ ನೆಟ್ಟಗಾಗುವವರೆಗೆ ಅದನ್ನು ಸರಿಸಿ ಅವನು ಸುಮ್ಮನಾಗುತ್ತಾನೆ. ಈ ಅಭ್ಯಾಸ ಒಳ್ಳೆಯದಲ್ಲವೆಂಬುದು ನಮ್ಮ ಅಭಿಪ್ರಾಯ.

ಗಿಂಬಲ್ ದಿಗಂತವನ್ನು ನೋಡುವುದಿಲ್ಲ, ಊಹಿಸುತ್ತದೆ. ಅದರೊಳಗಿನ ಗೈರೊಸ್ಕೋಪು ಯಂತ್ರ ಎಷ್ಟು ಬೇಗ ಹೊರಳುತ್ತಿದೆಯೆಂಬುದನ್ನು ಮಾತ್ರ ತಿಳಿಸಬಲ್ಲುದು. ಅದರ ಸಣ್ಣ ತಪ್ಪುಗಳು ಕ್ಷಣಕ್ಷಣಕ್ಕೂ ಕೂಡಿ ಬೆಳೆಯುವುದರಿಂದ, ಗುರುತ್ವದ ದಿಕ್ಕನ್ನು ಅಳೆಯುವ ಇನ್ನೊಂದು ಸಂವೇದಕ ಅದನ್ನು ಮೆಲ್ಲಮೆಲ್ಲನೆ ತಿದ್ದುತ್ತಿರುತ್ತದೆ. ಈ ಎರಡನೆಯದಕ್ಕಾದರೋ ಗುರುತ್ವಕ್ಕೂ ಡ್ರೋನಿನ ಸ್ವಂತ ವೇಗೋತ್ಕರ್ಷಕ್ಕೂ ಭೇದ ತಿಳಿಯದು. ಸೆಕೆಂಡಿಗೆ 10 ಮೀಟರು ವೇಗದಲ್ಲಿ 20 ಮೀಟರು ತ್ರಿಜ್ಯದ ವೃತ್ತದಲ್ಲಿ ಹಾರುವ ಡ್ರೋನಿಗೆ, ‘ಕೆಳಗು’ ಎಂಬುದು ನಿಜವಾದ ಕೆಳಗಿನಿಂದ 27 ಡಿಗ್ರಿ ಆಚೆಗಿದ್ದಂತೆ ತೋರುತ್ತದೆ! ಉಪಗ್ರಹಗಳ ನೆರವಿನಿಂದ ತನ್ನ ವೇಗವನ್ನು ತಿಳಿದು ಯಂತ್ರವು ಈ ಭ್ರಮೆಯ ಬಹುಭಾಗವನ್ನು ಕಳೆಯುತ್ತದೆ. ಉಳಿದುದು ಚಿತ್ರದಲ್ಲಿ ಓರೆಯಾಗಿ ಕಾಣುತ್ತದೆ. ತಿರುವಿನಲ್ಲಿ ಬಂದು, ನೇರ ಹಾರಾಟದಲ್ಲಿ ತಾನೇ ಕರಗುವ ಓರೆ ರೋಗವಲ್ಲ. ಅದನ್ನು ಗುಂಡಿಯಿಂದ ತಿದ್ದಿದವನು ನೇರ ಹಾರಾಟವನ್ನೂ ಕೆಡಿಸಿಕೊಂಡಂತಾಯಿತು.

ಹಾಗಾದರೆ ಮೊದಲು ಕೇಳತಕ್ಕ ಪ್ರಶ್ನೆ, ಓರೆ ಯಾವಾಗ ತೋರುತ್ತದೆ ಎಂಬುದು. ಮೇಜಿನ ಮೇಲೆ ಅಲುಗದೆ ಕುಳಿತಾಗಲೂ ಇದ್ದರೆ ಸಂವೇದಕಗಳ ಕ್ಯಾಲಿಬ್ರೇಷನ್ ಮಾಡಬೇಕು. ಮೇಜು ಸಮವಾಗಿದೆಯೇ ಎಂಬುದನ್ನು ಗಾರೆಯವನ ರಸಮಟ್ಟದಿಂದ ನೋಡಿಕೊಳ್ಳುವುದು ಲೇಸು. ಕಾರಿನ ಮುಚ್ಚಳದ ಮೇಲಿಟ್ಟು ಈ ಕೆಲಸ ಮಾಡುವವರುಂಟು; ಅವರು ಯಂತ್ರಕ್ಕೆ ಓರೆಯನ್ನೇ ಸಮವೆಂದು ಕಲಿಸುತ್ತಾರೆ. ಆ ಮೇಲೂ ಸದಾ ಒಂದೇ ಅಳತೆಯಲ್ಲಿ ನಿಲ್ಲುವ ಅರ್ಧ ಡಿಗ್ರಿ ಉಳಿದರೆ, ಗುಂಡಿ ಇರುವುದು ಅದಕ್ಕಾಗಿಯೇ.

ಬಿದ್ದೆದ್ದ ಡ್ರೋನಿನ ಕಥೆ ಬೇರೆ. ಗಿಂಬಲ್ಲನ್ನು ತೂಗುಹಾಕಿದ ರಬ್ಬರಿನ ಗುಬ್ಬಿಗಳಲ್ಲಿ ಒಂದು ಕಳಚಿರಬಹುದು, ತೆಳುವಾದ ತೋಳು ಬಾಗಿರಬಹುದು, ಮೋಟಾರಿನಲ್ಲಿ ಮರಳಿನ ಕಣ ಸಿಕ್ಕಿರಬಹುದು. ವಿದ್ಯುತ್ತನ್ನು ಆರಿಸಿ ಬೆರಳಿನಿಂದ ಹಗುರವಾಗಿ ತಿರುಗಿಸಿದರೆ, ತೊಡಕಿರುವ ಜಾಗ ಬೆರಳಿಗೇ ತಿಳಿಯುತ್ತದೆ. ತೋಳು ಬಾಗಿದ್ದರೂ ಮೋಟಾರು ತಾನು ಅಷ್ಟು ಹೊರಳಿ ನಿಂತು ದೋಷವನ್ನು ಮುಚ್ಚುತ್ತದೆ. ಆದರೆ ಅದು ಹೊರಳಬಲ್ಲ ಮಿತಿ ಸ್ವಲ್ಪವೇ. ಗಾಳಿ ಬೀಸಿ ಡ್ರೋನು ಅದೇ ಪಕ್ಕಕ್ಕೆ ವಾಲಿದಾಗ ಮಿತಿ ಮುಗಿದು ದಿಗಂತ ಜಾರುತ್ತದೆ. ಯಾವ ಗುಂಡಿಯೂ ಇದನ್ನು ತಿದ್ದಲಾರದು.

ಇಷ್ಟು ತಿಳಿದ ಒಡೆಯನೂ ರಿಪೇರಿಯ ಅಂಗಡಿಯಲ್ಲಿ ಸೋಲುತ್ತಾನೆ. ತೋಳೊಂದೇ ಬೇಕೆಂದರೆ ಇಡೀ ಗಿಂಬಲ್ಲನ್ನು ಕೊಳ್ಳಿರೆಂಬ ಉತ್ತರ ಬರುತ್ತದೆ. ಹೊಸದನ್ನು ಕೂಡಿಸಿದ ಮೇಲೆ ಅದನ್ನು ಹೊಂದಿಸುವ ತಂತ್ರಾಂಶವನ್ನು ಹಲವು ತಯಾರಕರು ಒಡೆಯನ ಕೈಗೆ ಕೊಡುವುದಿಲ್ಲ. ಭಾರತ ಸರ್ಕಾರ 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿದಾಗ ಬಿಡಿಭಾಗಗಳನ್ನು ನಿಷೇಧಿಸಲಿಲ್ಲ. ಆದುದರಿಂದ ಕೈಯಲ್ಲಿರುವುದನ್ನು ಕಾಪಾಡಿಕೊಳ್ಳುವ ಗರಜು ಇಲ್ಲಿಯವರಿಗೆ ಹೆಚ್ಚು. ತಯಾರಕರು ತೋಳನ್ನೂ ರಬ್ಬರನ್ನೂ ಬಿಡಿಯಾಗಿ ಮಾರಲಿ. ಅದಕ್ಕೂ ಮೊದಲು, ಖರ್ಚಿಲ್ಲದ ಉಪಕಾರವೊಂದನ್ನು ಮಾಡಬಹುದು: ಮೋಟಾರು ಎಷ್ಟು ಡಿಗ್ರಿ ಹೊರಳಿ ನಿಂತಿದೆಯೆಂಬುದು ಯಂತ್ರಕ್ಕೆ ಗೊತ್ತೇ ಇದೆ; ಆ ಅಂಕಿಯನ್ನು ತಿದ್ದುವ ಗುಂಡಿಯ ಪಕ್ಕದಲ್ಲಿಯೇ ತೋರಿಸಲಿ.