ಮಿದುಳಿನ ಹಸಿವಿಗೆ ಸೋಮಾರಿತನವೆಂಬ ಹೆಸರೇ?

ಲೆಕ್ಕ ತಪ್ಪುವ ಅಂಗಡಿಯವನನ್ನು ನಾವು ದಡ್ಡನೆನ್ನುತ್ತೇವೆ. ಮೇಸ್ತ್ರಿ ಹೇಳಿದ ನಾಲ್ಕು ಕೆಲಸಗಳಲ್ಲಿ ಎರಡನ್ನು ಮರೆತು, ಪಾಳಿ ಮುಗಿಯುವ ಮೊದಲೇ ಕೈಸೋತು ಕುಳಿತವನನ್ನು ಮೈಗಳ್ಳನೆನ್ನುತ್ತೇವೆ. ಹೆಸರಿಡುವುದು ಸುಲಭ. ಆದರೆ ಇಂಥವರಲ್ಲಿ ಕೆಲವರಿಗೆ ಇರುವುದು ದುರ್ಗುಣವಲ್ಲ, ರೋಗ.

ನಮ್ಮ ದೇಹದ ಬಹುಪಾಲು ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಅಂಗಗಳಿವೆ. ಗಿರಣಿಗೆ ಬಾಯ್ಲರ್ ಹೇಗೋ ಕೋಶಕ್ಕೆ ಇವು ಹಾಗೆ. ಉಂಡ ಅನ್ನ, ಎಳೆದ ಉಸಿರು, ಇವೆರಡರಿಂದ ಶಕ್ತಿಯನ್ನು ತಯಾರಿಸುತ್ತವೆ. ಮಿದುಳಿನ ತೂಕ ದೇಹದ ನೂರರಲ್ಲಿ 2 ಪಾಲು. ಅದು ಬೇಡುವ ಶಕ್ತಿ ನೂರರಲ್ಲಿ ಸುಮಾರು 20 ಪಾಲು. ಬಾಯ್ಲರ್ ಕೆಟ್ಟರೆ ಹೆಚ್ಚು ಉಗಿ ಬೇಡುವ ಖಾತೆಯೇ ಮೊದಲು ಸೊರಗುತ್ತದೆ. ಗಮನ ನಿಲ್ಲುವುದಿಲ್ಲ, ಕಣ್ಣಳತೆ ತಪ್ಪುತ್ತದೆ, ಮುಂದಿನ ಕೆಲಸದ ಯೋಚನೆ ಕೂಡಿಬರುವುದಿಲ್ಲ.

1984ರಲ್ಲಿ ವೈದ್ಯರು ಮೆಲಾಸ್ ಎಂದು ಹೆಸರಿಟ್ಟ ಬಗೆಯಲ್ಲಿ ಸಾಮಾನ್ಯವಾಗಿ 40 ತುಂಬುವ ಮೊದಲೇ ಲಕ್ವ ಹೊಡೆದಂತಾಗುತ್ತದೆ. ಆದರೆ ದೊಡ್ಡ ರಕ್ತನಾಳ ಕಟ್ಟಿರುವುದಿಲ್ಲ. ಹೆಚ್ಚಾಗಿ ಪೆಟ್ಟು ಬೀಳುವುದು ತಲೆಯ ಹಿಂಭಾಗದಲ್ಲಿ, ನೋಟವನ್ನು ಅರಿಯುವ ಜಾಗದಲ್ಲಿ. ಇಂಥ ಪೆಟ್ಟುಗಳು ಮರುಕಳಿಸಿದಂತೆ ಬುದ್ಧಿಶಕ್ತಿಯೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕಾಲಕ್ರಮದಲ್ಲಿ ಮಿದುಳೇ ಕುಗ್ಗುವುದುಂಟು. ಜೊತೆಗೆ ಕಿವುಡು, ಸಕ್ಕರೆ ಕಾಯಿಲೆ, ಮೂರ್ಛೆ ಬರಬಹುದು.

ಮೆಲಾಸ್‌ಗೆ ಮುಖ್ಯ ಕಾರಣವಾದ ದೋಷ 1990ರಲ್ಲಿ ಪತ್ತೆಯಾಯಿತು. ಅದು ತಾಯಿಯ ಮೂಲಕ ಬರುವಂಥದು. ಇಷ್ಟು ತಿಳಿದೊಡನೆ ಸೊಸೆಯನ್ನು ಹಳಿಯಲು ಹೊರಡುವವರಿಗೆ ಒಂದು ಮಾತು: ಆಕೆ ಅದನ್ನು ಬೇಡಿ ಪಡೆದವಳಲ್ಲ, ಬೇಕೆಂದು ಕೊಟ್ಟವಳೂ ಅಲ್ಲ, ಅನೇಕ ವೇಳೆ ಆಕೆಯೂ ರೋಗಿಯೇ. ಇದೇ ಜಾತಿಯ ಬೇರೆ ರೋಗಗಳು ತಂದೆಯ ಕಡೆಯಿಂದಲೂ ಬರುತ್ತವೆ.

ಬೇರುಸಹಿತ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಹಾಗಾದರೆ ಪರೀಕ್ಷೆ ಏತಕ್ಕೆಂದು ಕೇಳುವವರುಂಟು. ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್ ಈ ಗುಂಪಿನ ಕೆಲವು ರೋಗಗಳಲ್ಲಿ ಯಕೃತ್ತನ್ನೇ ಕೆಡಿಸಬಲ್ಲದು. ಹಾಗೆಂದು ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸತಕ್ಕದ್ದಲ್ಲ; ವೈದ್ಯರನ್ನು ಕೇಳಬೇಕು. ಆದರೆ ರೋಗದ ಹೆಸರೇ ತಿಳಿಯದಿದ್ದರೆ ವೈದ್ಯರಾದರೂ ಎಚ್ಚರ ವಹಿಸುವುದು ಹೇಗೆ? ಕಿವಿಗೆ ಯಂತ್ರ, ಸಕ್ಕರೆಗೆ ಮದ್ದು, ಮೂರ್ಛೆಗೆ ತಕ್ಕ ಮಾತ್ರೆ, ಇವುಗಳಿಂದ ಬಾಳು ಹಗುರಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಬಲ್ಲವರಿದ್ದಾರೆ. ದಿನಗೂಲಿ ಬಿಟ್ಟು ಅಲ್ಲಿಗೆ ಹೋಗಬಲ್ಲವರು ಎಷ್ಟು ಮಂದಿ?

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ವಿಧಿಯಂತೆ, ಸೇವೆಯಲ್ಲಿರುವಾಗ ವಿಕಲತೆ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ. ಒಳ್ಳೆಯದೇ. ಆದರೆ ಖಾಸಗಿ ಗಿರಣಿಯ ಕಾರ್ಮಿಕನಿಗೆ ಆ ವಿಧಿಯ ಆಸರೆಯಿಲ್ಲ. ಕಚೇರಿಯವನ ಮಿದುಳು ಬೇರೆ, ಮಗ್ಗದವನ ಮಿದುಳು ಬೇರೆಯೇ?

ನಾವು ಕೇಳುವುದು ಮೂರು. ಜಿಲ್ಲಾ ಆಸ್ಪತ್ರೆಯಿಂದಲೇ ರಕ್ತದ ಮಾದರಿ ಸರ್ಕಾರಿ ಖರ್ಚಿನಲ್ಲಿ ಪರೀಕ್ಷೆಗೆ ಹೋಗಲಿ. ಆ 20ನೆಯ ವಿಧಿಯ ರಕ್ಷಣೆ ಖಾಸಗಿ ಕಾರ್ಮಿಕನಿಗೂ ಬರಲಿ. ಮರೆವು ಹೆಚ್ಚಿದವನಿಗೆ ನೋಟೀಸು ಕೊಡುವ ಮುನ್ನ ವೈದ್ಯರ ಪರೀಕ್ಷೆ ಕಡ್ಡಾಯವಾಗಲಿ. ಅದುವರೆಗೆ ನಮ್ಮ ಸಂಘಗಳು ಒಂದು ಕೆಲಸವನ್ನಾದರೂ ಮಾಡಬಹುದು: ಜೊತೆಗಾರನನ್ನು ಮೈಗಳ್ಳನೆನ್ನುವ ಮೊದಲು ಅವನನ್ನು ಆಸ್ಪತ್ರೆಗೆ ಕರೆದೊಯ್ಯುವುದು.