ಬೀಗ ಹಾಕಿದ ಮನೆಗಳು

ನಗರಗಳಲ್ಲಿ ಮನೆಗಳ ಅಭಾವವಿದೆಯೆಂಬ ಮಾತು ಸರ್ಕಾರದ ವರದಿಗಳಲ್ಲಿಯೂ ಕಟ್ಟಡ ವ್ಯಾಪಾರಿಗಳ ಜಾಹೀರಾತುಗಳಲ್ಲಿಯೂ ಕೇಳಿಬರುತ್ತಲೇ ಇದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡವು ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಅದರಲ್ಲಿ ನೂರಕ್ಕೆ 95ರಷ್ಟು ಕೊರತೆ ಬಡವರದು, ಅಲ್ಪ ಆದಾಯದವರದು. ಅದಕ್ಕೆ ಒಂದು ವರ್ಷ ಮೊದಲು, 2011ರ ಜನಗಣತಿಯು ಅದೇ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿರುವುದನ್ನು ಎಣಿಸಿತ್ತು. ಇದನ್ನು ಇಟ್ಟಿಗೆ ಸಿಮೆಂಟುಗಳ ಅಭಾವವೆನ್ನಬಹುದೆ?

ಮುಂಬಯಿಯ ಗಿರಣಿಗಳ ಕಥೆಯನ್ನು ನೋಡಿರಿ. 1982ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು; ಸೋತರು; ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ನಗರದ ಹೃದಯದಲ್ಲಿ ಸುಮಾರು 600 ಎಕರೆ ಭೂಮಿ. 1991ರ ನಿಯಮವು ಅದರಲ್ಲಿ ಸರಿಸುಮಾರು ಮೂರನೆಯ ಒಂದು ಭಾಗವನ್ನು ಮೈದಾನ ಉದ್ಯಾನಗಳಿಗೆ, ಇನ್ನೊಂದನ್ನು ಸಾರ್ವಜನಿಕ ವಸತಿಗೆ ಬಿಡಿಸಿ, ಮಿಕ್ಕುದನ್ನು ಮಾಲೀಕರಿಗೆ ಕೊಟ್ಟಿತು. ನ್ಯಾಯವಾದ ಹಂಚಿಕೆಯೇ. ಆದರೆ 2001ರಲ್ಲಿ ತಿದ್ದುಪಡಿಯೊಂದು ಬಂದು, ಗಿರಣಿಯ ಕಟ್ಟಡಗಳು ನಿಂತ ನೆಲವನ್ನು ಲೆಕ್ಕದಿಂದ ಬಿಟ್ಟು, ಅದಾಗಲೇ ಬಯಲಾಗಿದ್ದ ಜಾಗವನ್ನು ಮಾತ್ರ ಹಂಚಿದರೆ ಸಾಕೆಂದಿತು. ಗಿರಣಿಯಲ್ಲಿ ಬಯಲೆಷ್ಟಿರುತ್ತದೆ! ಕಟ್ಟಡವನ್ನು ಕೆಡವಿದ ಮೇಲೆ ಅದೂ ಬಯಲೇ ಅಲ್ಲವೆ ಎಂಬ ವಾದವನ್ನು 2005ರಲ್ಲಿ ಉಚ್ಚ ನ್ಯಾಯಾಲಯ ಒಪ್ಪಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಚಿಮಣಿಗಳಿದ್ದಲ್ಲಿ ಇಂದು ಗಗನಚುಂಬಿ ಸೌಧಗಳಿವೆ. ಮನೆಗಾಗಿ ಅರ್ಜಿ ಹಾಕಿದ ಕಾರ್ಮಿಕರೂ ವಾರಸುದಾರರೂ ಲಕ್ಷಕ್ಕೂ ಮಿಕ್ಕಿ. ಕೀಲಿಕೈ ಕಂಡವರು ಅವರಲ್ಲಿ ಅಲ್ಪ ಮಂದಿ. ಸುತ್ತಲಿನ ಚಾಳುಗಳಲ್ಲಿ ಬೆಳೆದ ಮಕ್ಕಳಿಗೆ ಹುಟ್ಟಿದ ಬೀದಿಯ ಬಾಡಿಗೆಯೇ ನಿಲುಕದು. ಇದಕ್ಕೆ 'ಅಭಿವೃದ್ಧಿ'ಯೆಂದು ಹೆಸರು.

ಭೂಮಿಯನ್ನು ವಾಸದ ನೆಲೆಯೆಂದು ಕಾಣದೆ ಬೆಲೆಯೇರುವ ಸರಕೆಂದು ಕಂಡುದರ ಫಲವಿದು. ಆ ದೃಷ್ಟಿ ಗಿರಣಿ ಮಾಲೀಕರಿಗೆ ಮಾತ್ರ ಮೀಸಲೆಂದು ನಮ್ಮ ಭಕ್ತರು ನೆಮ್ಮದಿಪಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಹಿರಿಯ ಹುದ್ದೆಗೇರಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಗೃಹಪ್ರವೇಶಕ್ಕೆ ನಮ್ಮನ್ನು ಬಿಜಯಂಗೈಸಿಕೊಂಡರು. ಅದು ಅವರ ಮೂರನೆಯ ಮನೆ. ಪಾದಪೂಜೆ ಮುಗಿದ ಮೇಲೆ, ಇಲ್ಲಿ ಯಾರು ವಾಸಿಸುತ್ತಾರೆಂದು ಕೇಳಿದೆವು. "ಸದ್ಯಕ್ಕೆ ಯಾರೂ ಇಲ್ಲ ಬುದ್ಧಿ, ಬಾಡಿಗೆಗೆ ಕೊಟ್ಟರೆ ಮನೆ ಹಾಳಾಗುತ್ತದೆ, ಬೆಲೆ ಬರಲೆಂದು ಇಟ್ಟಿದ್ದೇವೆ" ಎಂದರು. ಹೊರಗೆ, ಆ ಕಟ್ಟಡಕ್ಕೆ ಗಾರೆ ಹೊತ್ತವರು ತಗಡಿನ ಗುಡಿಸಲುಗಳಲ್ಲಿ ಒಲೆ ಹಚ್ಚುತ್ತಿದ್ದರು.

ಒಂದು ಕಾಲದಲ್ಲಿ ಈ ಮಠದ ವಿದ್ಯಾರ್ಥಿನಿಲಯದಲ್ಲಿ ಚಾಪೆ ಹಾಸುವಷ್ಟು ಜಾಗಕ್ಕೆ ಕಾದು ನಿಂತವರೇ ನೀವು. ಬೀಗ ಹಾಕಿಡುವ ಮನೆಗಳ ಪ್ರವೇಶಕ್ಕೆ ಇನ್ನು ಮುಂದೆ ನಮ್ಮನ್ನು ಕರೆಯಬೇಡಿರಿ. ನಾವು ಬರುವುದಿಲ್ಲ.