ಅತಿ ಬಡತನ ಮುಕ್ತ ಕೇರಳ: ಘೋಷಣೆಯ ನಂತರದ ಹೊಣೆ

2025ರ ನವೆಂಬರ್ 1ರಂದು ಕೇರಳ ಸರಕಾರವು ರಾಜ್ಯವನ್ನು ಅತಿ ಬಡತನದಿಂದ ಮುಕ್ತವೆಂದು ಘೋಷಿಸಿತು. 2021ರಲ್ಲಿ ಆರಂಭವಾದ ಯೋಜನೆಯಡಿ ಆಹಾರ, ಆರೋಗ್ಯ, ವಸತಿ, ಆದಾಯಗಳ ಮಾನದಂಡದಲ್ಲಿ 64,006 ಕುಟುಂಬಗಳನ್ನು ಗುರುತಿಸಲಾಗಿತ್ತು. ಎಲ್ಲರಿಗೂ ಒಂದೇ ನೆರವು ಹಂಚದೆ, ಕುಟುಂಬಕ್ಕೊಂದು ಪ್ರತ್ಯೇಕ ಯೋಜನೆ ರೂಪಿಸಿದ್ದೇ ಇದರ ಹಿರಿಮೆ: ಒಬ್ಬರಿಗೆ ಔಷಧ, ಮತ್ತೊಬ್ಬರಿಗೆ ಸೂರು, ಇನ್ನೊಬ್ಬರಿಗೆ ಪಡಿತರ ಚೀಟಿ. 2030ರೊಳಗೆ ಬಡತನ ನಿವಾರಿಸುವುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮೊದಲನೆಯದು. ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಈ ಕ್ರಮ ಅಧ್ಯಯನಯೋಗ್ಯ.

ಆದರೆ ಪಟ್ಟಿಗೆ ಬಾರದವರು ಲೆಕ್ಕಕ್ಕೂ ಬಾರರು. ಗುರುತಿಸಿದ ವಿಧಾನದ ವಿವರಗಳನ್ನು ಕೆಲವು ಅರ್ಥಶಾಸ್ತ್ರಜ್ಞರು ಕೇಳಿದ್ದೂ ಅದಕ್ಕಾಗಿಯೇ. ಗಡಿನಾಡಿನಲ್ಲಿ ಈ ಪ್ರಶ್ನೆಗೆ ಭಾಷೆಯ ಮುಖವೂ ಇದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮಲಯಾಳ ಓದಲು ಬಾರದ ಕೂಲಿಕಾರರಿದ್ದಾರೆ, ಬುಟ್ಟಿ ಹೆಣೆದು ಬದುಕುವ ಕೊರಗ ಕುಟುಂಬಗಳಿವೆ. ಮನೆಗೆ ಬಂದ ನೋಟೀಸನ್ನು ಓದಿಸಿಕೊಳ್ಳಲು ಹೆತ್ತವರು ಮಕ್ಕಳ ಕೈಯಲ್ಲಿ ಶಾಲೆಗೆ ಕಳುಹಿಸುವುದನ್ನು ಅಧ್ಯಾಪಕನಾಗಿ ಕಂಡಿದ್ದೇನೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ.

ನಾವು ಬೇಡುವುದು ಹೊಸ ಹಕ್ಕನ್ನಲ್ಲ. ಕನ್ನಡದಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು 1969ರ ರಾಜ್ಯದ ಭಾಷಾ ಕಾಯಿದೆಯೇ ನೀಡಿದೆ. ಬಡತನ ಒಮ್ಮೆ ನೀಗಿದರೆ ಮರಳಿ ಬಾರದೆಂಬ ಭರವಸೆಯಿಲ್ಲ. ಒಂದು ಕಾಯಿಲೆ, ಒಂದು ಮಳೆಗಾಲ ಸಾಕು. ಆದುದರಿಂದ ಪಟ್ಟಿಯನ್ನು ವರ್ಷಂಪ್ರತಿ ಮರುಪರಿಶೀಲಿಸಬೇಕು. ಗ್ರಾಮಸಭೆಯ ನಡಾವಳಿ, ಅರ್ಜಿ ನಮೂನೆ, ತಿಳುವಳಿಕೆ ಪತ್ರಗಳು ಕನ್ನಡದಲ್ಲೂ ದೊರೆಯಬೇಕು. ಸುಸ್ಥಿರತೆಯೆಂದರೆ ಬಡವನಿಗೆ ಅರ್ಥವಾಗುವ ಭಾಷೆಯಲ್ಲಿ ಆತನನ್ನು ಮತ್ತೆ ಮತ್ತೆ ವಿಚಾರಿಸಿಕೊಳ್ಳುವುದು.